ರಿಲೇ ಮುಗಿದ ಮೇಲಿನ ಒಂದು ‘ಹೂಂ’

"ಸೀರೆ ಎತ್ಕಳಿ ಮೇಡಂ... ಗೆರೆ ಅಳಿಸ್ತಾ ಇದೆ!"

ಗಗನಾ ಗಕ್ಕನೆ ನಿಂತಳು. ಬೆಳಿಗ್ಗೆ ಅಮ್ಮ ಹಟ ಹಿಡಿದು ಉಡಿಸಿದ್ದ ನೀಲಿ ಸೀರೆಯ ಅಂಚು ಆಗಷ್ಟೇ ಎಳೆದಿದ್ದ ಸುಣ್ಣದ ಗೆರೆಯ ಮೇಲೆ ಸವರಿಕೊಂಡು ಹೋಗಿತ್ತು. ಎರಡು ಲೇನುಗಳು ಒಂದಾಗಿಬಿಟ್ಟಿದ್ದವು.

ಆದರೆ ಅವಳ ಎದೆ ಧಸಕ್ಕೆಂದದ್ದು ಸೀರೆಗಲ್ಲ. ಆ ದನಿಗೆ!

ಬಗ್ಗಿ ಸುಣ್ಣದ ಡಬ್ಬಿ ಹಿಡಿದಿದ್ದವನು ನಿಧಾನಕ್ಕೆ ತಲೆ ಎತ್ತಿದ. ಮೊಣಕೈವರೆಗೂ ಬಿಳಿ. ಕೆನ್ನೆಯ ಮೇಲೆ ಅವಳು ಎಂದೂ ನೋಡಿರದ ಗಡ್ಡ. ಕಣ್ಣು ಮಾತ್ರ ಅದೇ.

ಶಶಿಕಿರಣ...

ಒಂದು ಕ್ಷಣ ಇಬ್ಬರೂ ಹಾಗೇ ನಿಂತರು. ನರಸಿಂಹರಾಜಪುರದ ಆ ಮೈದಾನದ ಗದ್ದಲ, ಮಕ್ಕಳ ಕೇಕೆ, ಮೈಕಿನ ಕಿರ್ರೆನ್ನುವ ಸದ್ದು, ಎಲ್ಲ ಅವಳ ಕಿವಿಯಿಂದ ದೂರ ಹೋಯಿತು.

"ಓ... ನೀವಾ," ಅಂದ ಅವನು.

ನೀವು! ರಾಷ್ಟ್ರೀಯ ಕ್ಯಾಂಪಿನ ಅಷ್ಟೂ ಜನರಲ್ಲಿ ಮಲೆನಾಡಿನ ಕನ್ನಡ ಆಡುವವರು ಇವರಿಬ್ಬರೇ. ಕೊಪ್ಪದ ಇವಳು, ಸೀತೂರಿನ ಅವನು. ಬೆಳಗಿನ ಚಳಿಯಲ್ಲಿ ಟ್ರ್ಯಾಕಿನ ಆ ತುದಿಯಿಂದ "ಏ ಮಾರಾಯ್ತಿ, ಎದ್ದಿದೀಯೋ, ನಿದ್ದೆಗಣ್ಣಲ್ಲೇ ಓಡ್ತಿದೀಯೋ?" ಎಂದು ಕೂಗುತ್ತಿದ್ದವನು ಇವನೇ. ಎರಡು ವರ್ಷ ಆ ಕೂಗಿಲ್ಲದೆ ಅವಳಿಗೆ ಬೆಳಗಾಗಿರಲಿಲ್ಲ.

"ಶಶೀ... ನೀನು ಇಲ್ಲಿ..."

"ಲೈನ್ ಹಾಕ್ಲಿಕ್ಕೆ ಬಂದೆ. ಈಚೆ ಬನ್ನಿ, ಮತ್ತೆ ಎಳೀಬೇಕು."

ಅಷ್ಟೇ. ಅವನು ಮತ್ತೆ ಬಗ್ಗಿದ. ಅವಳ ಸೀರೆ ಅಳಿಸಿದ ಗೆರೆಯನ್ನು ಒಂದಿಷ್ಟೂ ಸಿಡುಕದೆ ಮತ್ತೆ ಎಳೆಯತೊಡಗಿದ.

ಬೈದಿದ್ದರಾದರೂ ಚೆನ್ನಾಗಿತ್ತು ಎಂದುಕೊಂಡಳು ಗಗನಾ.

"ಅಯ್ಯೋ, ಬನ್ನಿ ಬನ್ನಿ! ಚೀಫ್ ಗೆಸ್ಟ್ ಲೇನಿನ ಮಧ್ಯ ನಿಂತ್ರೆ ಸ್ಪೋರ್ಟ್ಸ್ ಶುರು ಮಾಡೋದು ಹ್ಯಾಗೆ?" ವ್ಯಾಯಾಮ ಶಿಕ್ಷಕ ಜಯಪ್ರಕಾಶ್ ಮೇಷ್ಟ್ರು ಓಡಿ ಬಂದು ಅವಳನ್ನು ವೇದಿಕೆಗೆ ಕರೆದುಕೊಂಡು ಹೋದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರು ತಾಲ್ಲೂಕುಗಳ ಹೈಸ್ಕೂಲು ಮಕ್ಕಳ ಕ್ರೀಡಾಕೂಟ ಅದು. ದೇಶಕ್ಕೆ ಓಡಿದ ಹುಡುಗಿ ಬಂದು ಬಹುಮಾನ ಕೊಡಲಿ ಎಂದು ಅವರು ನಾಲ್ಕು ಸಲ ಫೋನು ಮಾಡಿ ಒಪ್ಪಿಸಿದ್ದರು.

ಅವನೂ ಬರುತ್ತಾನೆ ಎಂದು ಗೊತ್ತಿದ್ದರೆ ಅವಳು ಒಪ್ಪುತ್ತಿರಲಿಲ್ಲ.

ಮೇಷ್ಟ್ರು ಮೈಕು ಹಿಡಿದರು. ಮೈಕು ಕೈಗೆ ಬಂದರೆ ಅವರಿಗೆ ಹೊತ್ತುಗೊತ್ತು ಇರುವುದಿಲ್ಲ.

"ನಮ್ಮ ಕೊಪ್ಪದ ಬಸ್ ಏಜೆಂಟ್ ಸುಂದರೇಶ್ ಅವರ ಮಗಳು! ಮೊನ್ನೆ ಏಷ್ಯಾದ ದೊಡ್ಡ ಕೂಟದಲ್ಲಿ ದೇಶದ ಜರ್ಸಿ ಹಾಕ್ಕಂಡು ಓಡಿದವಳು! ಮಕ್ಕಳೇ, ಎಂತ ಓಟ ಅದು! ಕಂಚು ಕೈಗೆ ಬಂದಿತ್ತು ಮಾರಾಯ್ರೇ, ಕೈಗೆ ಬಂದಿತ್ತು! ಅವತ್ತು ಆ ಒಬ್ಬ ಹುಡುಗ ಬಾಯಿ ಮುಚ್ಕಂಡು ಓಡಿದ್ದಿದ್ರೆ..."

"ಸಾರ್, ಆ ಹುಡುಗ ಇಲ್ಲೇ ಸುಣ್ಣ ಹಾಕ್ತಿದಾನೆ!" ಗುಂಪಿನಿಂದ ಯಾರೋ ಕೂಗಿದರು. ನಗೆ ಎದ್ದಿತು.

ಮೇಷ್ಟ್ರ ಮುಖ ಪೆಚ್ಚಾಯಿತು. ಅವರು ಕೆಟ್ಟವರಲ್ಲ. ಬಾಯಿ ಮಾತ್ರ ಮನಸ್ಸಿಗಿಂತ ಮುಂದೆ.

"ಇರ್ಲಿ ಇರ್ಲಿ... ಅವನೂ ನಮ್ಮವನೇ. ಒಂದು ಪೈಸೆ ತಗೊಳ್ದೆ ಬಂದಿದಾನೆ. ಅವನಿಗೂ ಒಂದು ಚಪ್ಪಾಳೆ ಹೊಡೀರಿ!"

ಮಕ್ಕಳು ಚಪ್ಪಾಳೆ ಹೊಡೆದರು. ಶಶಿಕಿರಣ ಗೆರೆಯಿಂದ ತಲೆ ಎತ್ತಲಿಲ್ಲ.

ಮೈಕು ಗಗನಾಳ ಮುಂದೆ ಬಂತು. ಹೇಳಿಬಿಡು... ಈಗಲೇ ಹೇಳಿಬಿಡು ಎಂದಿತು ಮನಸ್ಸು. ಮೈಕಿನ ತಣ್ಣನೆ ಕಬ್ಬಿಣ ಕೈಗೆ ತಾಗಿತು.

"ಎಲ್ಲರಿಗೂ ನಮಸ್ಕಾರ... ಚೆನ್ನಾಗಿ ಓಡಿ. ಒಳ್ಳೇದಾಗ್ಲಿ."

ಅಷ್ಟು ಹೇಳಿ ಕೂತುಬಿಟ್ಟಳು. ಇದು ಎರಡನೇ ಸಲ. ಅವಳು ಬಾಯಿ ಮುಚ್ಚಿಕೊಂಡದ್ದು ಇದು ಎರಡನೇ ಸಲ...

* * *

ಆ ದೂರದ ದೇಶದ ಸ್ಟೇಡಿಯಮ್ಮಿನಲ್ಲಿ ಆ ಸಂಜೆ ನಡೆದದ್ದು ಇಷ್ಟು.

ಆ ಕೂಟದಲ್ಲಿ ನಮ್ಮ ದೇಶದ ತಂಡ ಕಣ್ಣು ತುಂಬುವಂತೆ ಓಡಿತ್ತು. ಪದಕದ ಮೇಲೆ ಪದಕ ಬಂದಿದ್ದವು. ಕಡೆಯ ದಿನ ಮಿಶ್ರ ರಿಲೇ. ಇಬ್ಬರು ಗಂಡು, ಇಬ್ಬರು ಹೆಣ್ಣು, ಒಬ್ಬೊಬ್ಬರಿಗೆ ನಾನೂರು ಮೀಟರ್. ಮೊದಲು ಹರಿಯಾಣದ ಹುಡುಗ, ಆಮೇಲೆ ಕೇರಳದ ಹುಡುಗಿ, ಮೂರನೆಯವನು ಶಶಿಕಿರಣ, ಕೊನೆಗೆ ಗಗನಾ.

ಕಾಯುತ್ತಾ ನಿಲ್ಲುವವರಿಗೆ ಅಲ್ಲೊಂದು ಕಟ್ಟುನಿಟ್ಟಿನ ನಿಯಮವಿದೆ. ಓಡಿ ಬರುತ್ತಿರುವವರು ಅರ್ಧ ಸುತ್ತು ಮುಗಿಸುವಾಗ ಯಾರು ಎಷ್ಟನೆಯವರೋ, ಅವರ ಬ್ಯಾಟನ್ ಪಡೆಯುವವರು ಒಳಗಿನಿಂದ ಹೊರಕ್ಕೆ ಅದೇ ಸಾಲಿನಲ್ಲಿ ನಿಲ್ಲಬೇಕು. ಆಮೇಲೆ ತಮ್ಮವರು ಹಾರಿಕೊಂಡು ಮುಂದೆ ಬಂದರೂ ಸರಿ, ಹಿಂದೆ ಬಿದ್ದರೂ ಸರಿ, ಜಾಗ ಬದಲಿಸುವ ಹಾಗಿಲ್ಲ. ಬದಲಿಸಿದರೆ ತಂಡ ಔಟ್!

ಕೊಪ್ಪದ ಮೈದಾನದಲ್ಲಿ ಅದನ್ನೆಲ್ಲ ಯಾರು ಕೇಳುತ್ತಾರೆ? ಇಲ್ಲಿ ಯಾರ ಕಡೆಯವರು ಮುಂದೆ ಬಂದರೋ ಅವರು ಪಕ್ಕದವರನ್ನು ಮೊಣಕೈಯಲ್ಲಿ ಸರಿಸಿ ಒಳಗೆ ಬಂದು ನಿಲ್ಲುತ್ತಾರೆ. ಎಂಟನೇ ಕ್ಲಾಸಿನಿಂದ ಗಗನಾ ಹಾಗೇ ಬೆಳೆದವಳು. ಕ್ಯಾಂಪಿನಲ್ಲಿ ಎಷ್ಟೋ ಸಲ ತಿದ್ದಿದ್ದರು. ಬಾಯಿಪಾಠವಾಗಿತ್ತು.

ಆದರೂ...

ಅರ್ಧ ಸುತ್ತಿನಲ್ಲಿ ಶಶಿಕಿರಣ ಐದನೆಯವನು. ಅವಳು ಐದನೆಯವಳಾಗಿ ನಿಂತಳು. ಆಮೇಲೆ ಕೊನೆಯ ತಿರುವಿನಲ್ಲಿ ಅದೇನು ಮೈಮೇಲೆ ಬಂತೋ ಅವನಿಗೆ! ಒಬ್ಬನನ್ನು ದಾಟಿದ. ಇನ್ನೊಬ್ಬನನ್ನು ದಾಟಿದ. ಬಾಯಿ ತೆರೆದುಕೊಂಡು, ಕತ್ತಿನ ನರ ಉಬ್ಬಿಸಿಕೊಂಡು, ಜನ್ಮದಲ್ಲಿ ಓಡಿರದ ಓಟ ಓಡುತ್ತಾ ಬಂದ. ಗಗನಾಳ ಕಾಲು ತಾನೇ ತಾನಾಗಿ ಸರಿಯಿತು. ಇಬ್ಬರ ಮುಂದೆ ಹಾದು ಒಳಗೆ ಬಂದು ಕೈ ಚಾಚಿದಳು.

ಬ್ಯಾಟನ್ ಸಿಕ್ಕಿತು. ಓಡಿದಳು. ಮೂರನೆಯವಳಾಗಿಯೇ ಗೆರೆ ಮುಟ್ಟಿದಳು!

ಬಾವುಟ ಹೆಗಲಿಗೆ ಬಂತು. ಕೇರಳದ ಹುಡುಗಿ ಅಳುತ್ತಾ ಅಮ್ಮನಿಗೆ ಫೋನು ಮಾಡಿದಳು. ಕೊಪ್ಪದಲ್ಲಿ ಅಪ್ಪನ ಗೆಳೆಯರು ಅಷ್ಟರಲ್ಲೇ ಫ್ಲೆಕ್ಸಿಗೆ ಆರ್ಡರ್ ಕೊಟ್ಟಾಗಿತ್ತು.

ಆಮೇಲೆ ದೊಡ್ಡ ಪರದೆಯಲ್ಲಿ ದೇಶದ ಹೆಸರಿನ ಪಕ್ಕ ಅನರ್ಹ ಎಂದು ಬಂತು.

ಕೇರಳದ ಹುಡುಗಿ ಫೋನು ಕಿವಿಯಲ್ಲಿಟ್ಟುಕೊಂಡೇ ಮಾತು ನಿಲ್ಲಿಸಿದ್ದು ಗಗನಾಳಿಗೆ ಈಗಲೂ ಕಾಣುತ್ತದೆ.

ಮರುದಿನ ಬೆಳಿಗ್ಗೆ ಕೋಚ್ ಪ್ರಸನ್ನಕುಮಾರ್ ಇಬ್ಬರನ್ನೂ ರೂಮಿಗೆ ಕರೆದರು. ಅವರ ಕಣ್ಣು ಕೆಂಪಾಗಿತ್ತು.

"ಯಾಕೆ ಜಾಗ ಬಿಟ್ಟೆ ಗಗನಾ?"

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದಿಂದ ಶಶಿಕಿರಣ, "ಸರ್, ನಾನು ಕೂಗಿ ಒಳಗೆ ಕರೆದೆ ಅಂತ ಕಾಣ್ತದೆ," ಅಂದುಬಿಟ್ಟ.

ಓಡಿ ಬರುವವರು ಕೂಗಕೂಡದು, ಕೈ ಬೀಸಕೂಡದು, ನಿಂತವರು ಗಲಿಬಿಲಿಯಾಗುತ್ತಾರೆ ಎಂದು ಕೋಚ್ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದರು. ಅವರ ಮುಖ ಕಪ್ಪಿಟ್ಟಿತು.

"ಹೌದಾ ಗಗನಾ? ಕೂಗಿದ್ನಾ ಇವ್ನು?"

ಅವನು ಕೂಗಿರಲಿಲ್ಲ. ಅವಳಿಗೆ ಚೆನ್ನಾಗಿ ಗೊತ್ತು. ಅವನ ಉಸಿರು ಬಿಟ್ಟರೆ ಬೇರೆ ಸದ್ದು ಬಂದಿರಲಿಲ್ಲ.

ನನಗೋಸ್ಕರ ಸುಳ್ಳು ಹೇಳ್ತಿದಾನೆ... ನನ್ನನ್ನ ಉಳಿಸ್ಲಿಕ್ಕೆ... ಅಯ್ಯೋ ದೇವರೇ, ಇಷ್ಟು ಪ್ರೀತೀನಾ!

"ಹೂಂ," ಅಂದಳು.

ಒಂದೇ ಒಂದು ಹೂಂ! ಶಶಿಕಿರಣನನ್ನು ಆ ವರ್ಷದ ಮಟ್ಟಿಗೆ ಕ್ಯಾಂಪಿನಿಂದ ಕೈಬಿಟ್ಟರು. ಪೇಪರಿನಲ್ಲಿ ಬಂತು. ಗಗನಾ ಉಳಿದಳು. ಬರುವ ಸೋಮವಾರ ಅವಳಿಗೆ ಮತ್ತೆ ಕ್ಯಾಂಪು.

ಅವತ್ತಿನಿಂದ ಅವನು ಫೋನು ಎತ್ತಿರಲಿಲ್ಲ. ತ್ಯಾಗ ಮಾಡಿದವನು ಮೌನವಾಗಿರುತ್ತಾನೆ, ನಾನೇ ಹೇಳಬೇಕು, ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮನೆಯ ಹಿತ್ತಿಲಲ್ಲಿ ಕಟ್ಟಿಗೆ ಒಟ್ಟಿದ ಮೇಲೆ ಅಪ್ಪ ಆ ಫ್ಲೆಕ್ಸನ್ನೇ ಹೊದಿಸಿದ್ದರು. ಬಟ್ಟೆ ಒಣಗಿಸಲು ಹೋದಾಗಲೆಲ್ಲ ‘ಕಂಚಿನ ಕುವರಿ’ ಗಗನಾ ಕಟ್ಟಿಗೆಯ ಮೇಲಿಂದ ಹಲ್ಲು ಕಿರಿದು ಅವಳನ್ನು ನೋಡುತ್ತಿದ್ದಳು. ಅವಳು ಹಿತ್ತಿಲ ಕಡೆ ಹೋಗುವುದನ್ನೇ ಬಿಟ್ಟಿದ್ದಳು.

* * *

"ಹುಡುಗಿಯರ ರಿಲೇ! ಬೇಗ ಬೇಗ!"

ಗಗನಾ ಎಚ್ಚೆತ್ತಳು. ಬ್ಯಾಟನ್ ಬದಲಿಸುವ ಜಾಗದಲ್ಲಿ ಶಶಿಕಿರಣ ನಿಂತು ಹುಡುಗಿಯರನ್ನು ಭುಜ ಹಿಡಿದು ಸಾಲಾಗಿ ನಿಲ್ಲಿಸುತ್ತಿದ್ದ. ತಡೆಯಲಾಗದೆ ಅವಳು ವೇದಿಕೆ ಇಳಿದು ಅತ್ತ ನಡೆದಳು.

ಶೃಂಗೇರಿ ತಂಡದ ಶರಣ್ಯಾ ಎಂಬ ಹುಡುಗಿ ವಾದಕ್ಕೆ ನಿಂತಿದ್ದಳು.

"ನಮ್ಮವ್ಳು ಫಸ್ಟ್ ಬಂದ್ರೂ ನಾನು ಇಲ್ಲೇ ಹೊರಗೆ ನಿಲ್ಬೇಕಾ ಅಣ್ಣಾ? ಇದೆಂತ ನ್ಯಾಯ!"

"ನಿಂತಲ್ಲೇ ನಿಲ್ಬೇಕು."

"ಅವಳು ಕೂಗಿ ಕರೆದ್ರೆ?"

ಅವನು ಅವಳ ಭುಜ ಬಿಟ್ಟು ಗೆರೆಯನ್ನು ನೋಡಿದ.

"ಕೂಗಿದ್ರೂ ಹೋಗ್ಬೇಡ ಕೂಸೇ. ಓಡಿ ಬರುವವರಿಗೆ ಕೊನೇಲಿ ಬುದ್ಧಿ ಇರೋದಿಲ್ಲ. ತಾನು ಎಂತ ಕೂಗಿದೆ ಅಂತ ಅವ್ರಿಗೇ ಗೊತ್ತಿರೋದಿಲ್ಲ. ಒಬ್ಬರ ಒಂದು ಕೂಗಿಗೆ ನಾಲ್ಕೂ ಜನರ ಬದುಕು ಹಾಳಾಗ್ತದೆ."

ಗಗನಾ ಅಲ್ಲೇ ಕಲ್ಲಾದಳು.

ಅವನ ದನಿಯಲ್ಲಿ ನಾಟಕವಿರಲಿಲ್ಲ. ಸುಳ್ಳು ಹೇಳಿ ತಪ್ಪು ಹೊತ್ತುಕೊಂಡವನು ಹೀಗೆ ಮಾತಾಡುವುದಿಲ್ಲ...

ಓಟ ಮುಗಿದು ಶೃಂಗೇರಿಯವರೇ ಗೆದ್ದು ಕುಣಿಯುತ್ತಿದ್ದಾಗ, ಅವನು ಸುಣ್ಣದ ಚೀಲ ಹೊತ್ತು ಮೈದಾನದ ಮೂಲೆಯ ಶೆಡ್ಡಿನತ್ತ ಹೊರಟ. ಅವಳು ಹಿಂದೆಯೇ ಹೋದಳು.

"ಶಶೀ, ನಿಲ್ಲು!"

"ಬಹುಮಾನ ಕೊಡೋದಿಲ್ವಾ? ಹೋಗಿ, ಮೇಷ್ಟ್ರು ಹುಡುಕ್ತಾರೆ."

"ನೀವು ಗೀವು ಅನ್ಬೇಡ. ಒಂದೇ ಕೇಳ್ತೀನಿ. ಅವತ್ತು ಕೋಚ್ ಹತ್ರ ಎಂತಕ್ಕೆ ಸುಳ್ಳು ಹೇಳ್ದೆ?"

ಅವನು ಚೀಲ ಇಳಿಸಿದ. ಹುಬ್ಬು ಗಂಟಾಯಿತು.

"ಎಂತ ಸುಳ್ಳು?"

"ಕೂಗ್ದೆ ಅಂತ..."

"ಅದು ಸುಳ್ಳಲ್ವಲ್ಲ." ಅವನ ದನಿ ಸೋತಿತ್ತು. "ನಂಗೆ ಕೊನೇ ತಿರುವು ಆದ್ಮೇಲೆ ಎಂತದೂ ನೆನಪಿಲ್ಲ ಗಗನಾ. ಕಣ್ಣಿಗೆ ಕತ್ತಲೆ. ಬಾಯಿ ತೆರೆದಿತ್ತು, ಅಷ್ಟು ಗೊತ್ತು. ರಾತ್ರಿಯಿಡೀ ತಲೆ ಕೆರ್ಕಂಡೆ. ನೀನು ಸುಮ್ಮ ಸುಮ್ಮನೆ ಜಾಗ ಬಿಡುವವಳಲ್ಲ. ಅಂದ್ಮೇಲೆ ನಾನೇ ಕೂಗಿರ್ಬೇಕು ಅನ್ನಿಸ್ತು. ಆದ್ರೂ ಒಂದು ಅನುಮಾನ ಇತ್ತು ನೋಡು... ನೀನು ಹೂಂ ಅಂದ್ಯಲ್ಲ, ಅವಾಗ ಹೋಯ್ತು ಅನುಮಾನ."

ತ್ಯಾಗವೂ ಇಲ್ಲ, ಸುಳ್ಳೂ ಇಲ್ಲ! ಅವನಿಗೆ ಗೊತ್ತಿರಲಿಲ್ಲ. ಅವನು ಅವಳನ್ನು ನಂಬಿದ್ದ, ಅಷ್ಟೇ. ಅವಳ ಒಂದು ಹೂಂ ಅವನು ಮಾಡದ ತಪ್ಪನ್ನು ಅವನ ಎದೆಯೊಳಗೇ ನೆಟ್ಟುಬಿಟ್ಟಿತ್ತು. ಮೂರು ತಿಂಗಳಿಂದ ಅವನು ಅದಕ್ಕೆ ನೀರೆರೆಯುತ್ತಿದ್ದಾನೆ!

"ನಿನ್ನ ಫೋನ್ ಎತ್ಲಿಕ್ಕೆ ಮುಖ ಇರ್ಲಿಲ್ಲ ನಂಗೆ," ಅವನು ನೆಲ ನೋಡುತ್ತಾ ಹೇಳುತ್ತಿದ್ದ. "ನಿನ್ನ ಕೊರಳಿಗೆ ಬಂದಿದ್ದನ್ನ ಕಿತ್ಕಂಡವ ನಾನು. ಎಂತ ಅಂತ ಮಾತಾಡ್ಲಿ? ಅದಕ್ಕೇ ಮೇಷ್ಟ್ರಿಗೆ ಹೇಳಿ ಮಕ್ಕಳಿಗಾದ್ರೂ ಸರಿಯಾಗಿ ಕಲಿಸೋಣ ಅಂತ..."

"ಶಶೀ, ನೀನು ಕೂಗ್ಲಿಲ್ಲ."

"ಹಾಂ?"

"ಕೂಗ್ಲೇ ಇಲ್ಲ. ಒಂದು ಸೊಲ್ಲೂ ಇಲ್ಲ. ನಾನೇ ಜಾಗ ಬಿಟ್ಟೆ. ನೀನು ನನ್ನ ಉಳಿಸ್ಲಿಕ್ಕೆ ಸುಳ್ಳು ಹೇಳ್ತಿದೀಯ ಅಂದ್ಕಂಡು... ಹೂಂ ಅಂದ್ಬಿಟ್ಟೆ..."

ಅವಳ ಕಣ್ಣೀರು ಧಾರೆಯಾಗಿ ಇಳಿಯಿತು.

ಅವನ ಮುಖದಲ್ಲಿ ಹಗುರವೇನೂ ಕಾಣಲಿಲ್ಲ. ಸುಣ್ಣ ಮೆತ್ತಿದ ತನ್ನ ಕೈಗಳನ್ನೇ ನೋಡಿಕೊಂಡ. ಆಮೇಲೆ ಅವಳನ್ನು ನೋಡಿದ. ಆ ನೋಟವನ್ನು ಎದುರಿಸಲು ಅವಳಿಂದಾಗಲಿಲ್ಲ.

"ನಮ್ಮಮ್ಮ ಸೀತೂರಿನ ಅಂಗಡೀಗೆ ಹೋಗೋದು ಬಿಟ್ಟಿದಾಳೆ, ಗೊತ್ತಾ ನಿಂಗೆ?" ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ. "ಎಲ್ರೂ ಮಗನ ವಿಷಯ ಕೇಳ್ತಾರೆ ಅಂತ. ನಾನು ಶೂ ತೆಗೆದು ಅಟ್ಟಕ್ಕೆ ಹಾಕ್ದೆ. ದೇಶಕ್ಕೆ ದ್ರೋಹ ಮಾಡಿದವ ಅಂತ ನನ್ನನ್ನ ನಾನೇ... ಮೂರು ತಿಂಗಳು ಗಗನಾ! ಒಂದು ಮೆಸೇಜ್ ಹಾಕ್ಲಿಕ್ಕಾಗ್ಲಿಲ್ವಾ? ‘ನೀನು ಕೂಗ್ಲಿಲ್ಲ ಮಾರಾಯಾ’ ಅಂತ ಒಂದು ಸಾಲು?"

"ಹೆದರಿಕೆ ಆಯ್ತು ಶಶೀ..."

"ಕ್ಯಾಂಪ್ ಹೋಗ್ತದೆ ಅಂತ?"

ಅವಳು ತಲೆ ತಗ್ಗಿಸಿದಳು. ಹೌದು. ಅದೇ.

ಅವನು ಬೈಕಿಗೆ ಕೀ ಹಾಕಿ ಹೊರಟುಹೋದ. ಒಮ್ಮೆಯೂ ತಿರುಗಿ ನೋಡಲಿಲ್ಲ.

ಗಗನಾ ಶೆಡ್ಡಿನ ಗೋಡೆಗೆ ಒರಗಿ ಕೂತಳು. ನಾಳೆ ಎಂದರೆ ಮತ್ತೆ ನಾಳೆಯೇ ಆಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಫೋನು ತೆಗೆದು ಕೋಚಿಗೆ ಮಾಡಿದಳು. ಎಲ್ಲ ಹೇಳಿದಳು. ಅವನು ಕೂಗದ್ದು, ತಾನು ಹೂಂ ಅಂದದ್ದು, ಯಾಕೆ ಅಂದದ್ದು, ಎಲ್ಲ.

"ಅಷ್ಟು ಒಳ್ಳೆ ಓಟಗಾರನ್ನ ನಾನು ಮನೇಲಿ ಕೂರಿಸ್ದೆ. ನಿನ್ನ ಮಾತು ನಂಬಿ," ಅಂದರು ಪ್ರಸನ್ನಕುಮಾರ್.

"ಸರ್..."

"ಜಾಗ ಬಿಟ್ಟಿದ್ದು ತಪ್ಪು ಗಗನಾ, ಅದನ್ನ ನಾನು ತಿದ್ದಬಲ್ಲೆ. ಇದನ್ನ ಹ್ಯಾಗೆ ತಿದ್ದಲಿ? ಸೋಮವಾರ ನೀನು ಬರೋದು ಬೇಡ. ಈ ವರ್ಷ ಬೇಡ. ಮುಂದಿನದು ಆಮೇಲೆ ನೋಡೋಣ. ಅವನಿಗೆ ನಾನೇ ಫೋನ್ ಮಾಡ್ತೀನಿ."

ಫೋನು ಇಟ್ಟರು.

ರಿಲೇ ಬಹುಮಾನ ಕೊಡುವ ಹೊತ್ತಿಗೆ ಅವಳು ಮೈಕು ಕೇಳಿ ಪಡೆದಳು. ಸೀರೆಯ ಅಂಚೆಲ್ಲ ಸುಣ್ಣ, ಕಣ್ಣೆಲ್ಲ ಕೆಂಪು.

"ಬೆಳಿಗ್ಗೆ ಮೇಷ್ಟ್ರು ಹೇಳಿದ್ದು ಸರಿಯಲ್ಲ. ತಪ್ಪು ಮಾಡಿದ್ದು ಶಶಿಕಿರಣ ಅಲ್ಲ, ನಾನು. ಅವನು ಕೂಗ್ಲಿಲ್ಲ. ನಾನೇ ಜಾಗ ಬಿಟ್ಟೆ. ಆಮೇಲೆ ಆ ತಪ್ಪು ಅವನ ಮೇಲೆ ಬರೋದನ್ನ ನೋಡ್ಕಂಡು ಸುಮ್ಮನಿದ್ದೆ."

ಹಿಂದಿನ ಸಾಲಿನಿಂದ ಯಾರೋ, "ಖೋ ಖೋ ಫೈನಲ್ ಉಂಟಾ ಇಲ್ವಾ ಸಾರ್?" ಎಂದು ಕೂಗಿದರು. ಜಯಪ್ರಕಾಶ್ ಮೇಷ್ಟ್ರು ಮಾತ್ರ ಮೈಕು ಇಸಿದುಕೊಳ್ಳುವುದನ್ನೂ ಮರೆತು ನಿಂತಿದ್ದರು. "ಆ ಮಾಣಿಗೆ ಪಾಪ ಅಂತ ನಾನು ಚಪ್ಪಾಳೆ ಹೊಡೆಸ್ದೆನಲ್ಲ ಮಾರಾಯ್ತಿ..." ಎಂದರು, ಅವಳಿಗೆ ಮಾತ್ರ ಕೇಳುವಂತೆ.

* * *

ಮನೆಯಲ್ಲಿ ಅಮ್ಮ ಕಮಲ ಒಗೆದ ಬಟ್ಟೆ ಮಡಚುತ್ತಿದ್ದಳು. ದಿನವಿಡೀ ದುಡಿದು ಬಂದ ಕೈ, ಮಗಳ ಮಾತು ಕೇಳುತ್ತಾ ಕೇಳುತ್ತಾ ನಿಧಾನವಾಯಿತು.

"ಕ್ಯಾಂಪ್ ಹೋಯ್ತಮ್ಮ..." ಎಂದು ಗಗನಾ ಬಿಕ್ಕಿದಳು.

"ಹೋಗ್ಲಿ. ಅದು ನಿನ್ನ ಲೆಕ್ಕ," ಅಂದಳು ಕಮಲ. "ಅವನಮ್ಮಂಗೆ ಹೇಳಿದ್ಯಾ?"

"ಅವನಮ್ಮಂಗಾ?"

"ಮಗನ್ನ ಊರೆಲ್ಲ ಆಡ್ಕಂಡ್ರೆ ತಾಯಿಗೆ ಅನ್ನ ಇಳೀತದೇನೇ? ನೀನು ಮೈಕಲ್ಲಿ ಹೇಳಿದ್ದು ನರಸಿಂಹರಾಜಪುರಕ್ಕೆ ಕೇಳ್ತು. ಸೀತೂರಿಗೆ ಕೇಳ್ಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗು. ಅಪ್ಪ ಸೀಟ್ ಹಿಡೀತಾರೆ."

ಅಮ್ಮ ಬೈಯಲಿಲ್ಲ. ಮಡಚಿದ ಟವಲನ್ನು ಅವಳ ಕೈಗೆ ಕೊಟ್ಟು, "ಮುಖ ತೊಳ್ಕ ಹೋಗು," ಅಂದಳು. ಆದರೆ ಮಗಳು ಅತ್ತ ಹೋದಮೇಲೆ ಆ ತಾಯಿ ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಾ ಕೂತಿದ್ದಳು.

ಬೆಳಿಗ್ಗೆ ಸೀತೂರಿನಲ್ಲಿ ಬಾಗಿಲು ತೆಗೆದವಳು ಶಶಿಕಿರಣನ ಅಮ್ಮ ಗಂಗಾಲಕ್ಷ್ಮಿ. ಗಗನಾ ಹೊಸಿಲ ಹೊರಗೇ ನಿಂತು, ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನೆಲ್ಲ ತಪ್ಪುತಪ್ಪಾಗಿ ಹೇಳಿ ಮುಗಿಸಿದಳು.

ಗಂಗಾಲಕ್ಷ್ಮಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ತಿಂಡಿ ತಿಂದು ಬಂದ್ಯಾ?"

"ಇಲ್ಲ..."

"ಒಳಗೆ ಬಾ. ಮೊದಲು ಕಾಫಿ ಕುಡಿ. ಬೈಯೋದು ಆಮೇಲೆ."

ಹೇಳಿದಂತೆಯೇ ಮಾಡಿದಳು! ಲೋಟ ಖಾಲಿಯಾದ ಮೇಲೆ, "ನನ್ನ ಮಗ ರಾತ್ರಿ ಎದ್ದೆದ್ದು ಕೂರ್ತಿದ್ದ. ನಿಂಗೆ ಹ್ಯಾಗಾದ್ರೂ ನಿದ್ದೆ ಬರ್ತಿತ್ತು ಕೂಸೇ?" ಅಂದಳು. ಗಗನಾ ಬಗ್ಗಿ ಅವಳ ಕಾಲು ಮುಟ್ಟಿದಳು. ಗಂಗಾಲಕ್ಷ್ಮಿಯ ಕೈ ತುಂಬಾ ಹೊತ್ತು ಗಾಳಿಯಲ್ಲೇ ನಿಂತು, ಕೊನೆಗೆ ಅವಳ ತಲೆಯ ಮೇಲೆ ಇಳಿಯಿತು.

"ನಿನ್ನೆ ಸಂಜೆ ಕೋಚ್ ಫೋನ್ ಬಂತು. ಬೆಳಿಗ್ಗೆ ಏಣಿ ಇಟ್ಟು ಅಟ್ಟ ಹತ್ತಿ ಶೂ ಇಳಿಸ್ದ. ಕಡಹಿನಬೈಲು ರಸ್ತೇಲಿ ಓಡ್ತಿದಾನೆ. ಹೋಗು, ಅವನೂ ನಾಲ್ಕು ಬೈಲಿ."

ಗಗನಾ ರಸ್ತೆಗೆ ಬಂದಳು. ಏರಿನ ಬುಡದಲ್ಲಿ ಅವನು ಕಂಡ. ಬಿಸಿಲು ಇನ್ನೂ ಎಳೆಯದಿತ್ತು. ಮೂರು ತಿಂಗಳು ಬಿಟ್ಟ ಕಾಲು, ಹೆಜ್ಜೆ ಭಾರ, ಆದರೂ ಓಡುತ್ತಿದ್ದ. ಅವಳನ್ನು ನೋಡಿದರೂ ನಿಲ್ಲದೆ ಮುಂದೆ ಹೋದ.

ಅವಳು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಅವನ ಪಕ್ಕಕ್ಕೆ ಓಡಿದಳು.

"ಕಲ್ಲು ಚುಚ್ತದೆ," ಅಂದ ಅವನು, ಮುಂದೆ ನೋಡುತ್ತಲೇ.

"ಚುಚ್ಲಿ."

"ಅಮ್ಮ ಬೈದ್ಲಾ?"

"ಬೈದ್ರು. ಕಾಫಿ ಕೊಟ್ಟು."

ಅವನ ತುಟಿಯ ಒಂದು ಮೂಲೆ ಅಲುಗಿತು. ತಕ್ಷಣ ಬಿಗಿಯಾಯಿತು. ಇನ್ನಷ್ಟು ದೂರ ಇಬ್ಬರೂ ಜೊತೆಯಲ್ಲಿ ಓಡಿದರು. ಏರು ಮುಗಿದಲ್ಲಿ ಅವನು ನಿಂತ. ಮಂಡಿಯ ಮೇಲೆ ಕೈಯಿಟ್ಟು ಏದುಸಿರು ಬಿಟ್ಟ.

"ಮೈದಾನದಲ್ಲಿ ಹೇಳಿದ್ಯಂತೆ. ಮೇಷ್ಟ್ರು ಫೋನ್ ಮಾಡಿ ಅಳ್ತಿದ್ರು, ಮಾರಾಯಾ ಕ್ಷಮ್ಸು ಅಂತ. ನಿನ್ನ ಕ್ಯಾಂಪೂ ಹೋಯ್ತಂತೆ."

"ಹೂಂ."

ಆ ಶಬ್ದ ಬಾಯಿಂದ ಬಿದ್ದೊಡನೆ ಅವಳಿಗೇ ನಾಚಿಕೆಯಾಯಿತು. "ಹೌದು. ಹೋಯ್ತು," ಎಂದು ಪೂರ್ತಿ ಹೇಳಿದಳು.

"ಒಂದು ಮಾತು ಅರ್ಥ ಆಗೋದಿಲ್ಲ ನಂಗೆ." ಅವನು ನೆಟ್ಟಗಾಗಿ ಅವಳನ್ನು ದಿಟ್ಟಿಸಿದ. "ರೂಲ್ ನಿಂಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಕೂಗ್ಲೂ ಇಲ್ಲ. ಮತ್ತೆ ಎಂತಕ್ಕೆ ಬಂದೆ ಒಳಗೆ? ಊರಿನ ಅಭ್ಯಾಸ ಅನ್ಬೇಡ. ಎರಡು ವರ್ಷದಲ್ಲಿ ಒಂದು ಸಲಾನೂ ನೀನು ಹಾಗೆ ಮಾಡಿರ್ಲಿಲ್ಲ."

ಗಗನಾ ಕಣ್ಣು ಮುಚ್ಚಿದಳು. ಇದನ್ನು ಕೋಚಿಗೂ ಹೇಳಿರಲಿಲ್ಲ. ಅಮ್ಮನಿಗೂ ಹೇಳಿರಲಿಲ್ಲ. ತನಗೆ ತಾನೇ ಹೇಳಿಕೊಂಡಿರಲಿಲ್ಲ.

"ನೀನು ಬರ್ತಿದ್ದೆ ಶಶೀ... ಅಷ್ಟು ಕಷ್ಟಪಟ್ಟು, ಬಾಯಿ ಬಿಟ್ಕಂಡು... ಬಿದ್ದುಹೋಗ್ತಾನೆ ಅನ್ನಿಸ್ತು. ಸ್ಟೇಡಿಯಂ ಕಾಣ್ಲಿಲ್ಲ. ಪಕ್ಕದವರು ಕಾಣ್ಲಿಲ್ಲ. ಬ್ಯಾಟನ್ ಕೂಡ ಕಾಣ್ಲಿಲ್ಲ. ನಿನ್ನ ಹತ್ರ ಹೋಗ್ಬೇಕು ಅನ್ನಿಸ್ತು. ಹೋದೆ. ಅಷ್ಟೇ."

ಗಾಳಿ ಬೀಸಿತು. ಕೆಳಗೆ ಗದ್ದೆಯ ಬದುವಿನಲ್ಲಿ ಯಾರೋ ಯಾರನ್ನೋ ಕರೆಯುತ್ತಿದ್ದರು.

"ಮೂರು ಜನರ ಪದಕ ಹೋಯ್ತು ನನ್ನಿಂದ," ಅವಳ ದನಿ ಒಡೆಯಿತು. "ದೇಶದ್ದು ಹೋಯ್ತು. ಕೇರಳದ ಅವಳ ಮುಖ ಈಗ್ಲೂ ಕಣ್ಣೆದುರು ಇದೆ. ಅವತ್ತು ಪ್ರೀತಿ ತಡ್ಕಳ್ಲಿಕ್ಕಾಗ್ಲಿಲ್ಲ. ಅಷ್ಟು ಪ್ರೀತಿ ಇದ್ದವಳು ಮರುದಿನ ಹೂಂ ಅಂದೆ ನೋಡು... ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಕ್ಷಮಿಸು ಅಂತಾನೂ ಕೇಳೋದಿಲ್ಲ. ಹೇಳ್ಬೇಕಿತ್ತು. ಹೇಳ್ದೆ."

ಅವಳು ತಿರುಗಿ ಇಳಿಜಾರಿನಲ್ಲಿ ನಡೆಯತೊಡಗಿದಳು. ಅಂಗಾಲಿನಲ್ಲಿ ನಿಜಕ್ಕೂ ಕಲ್ಲು ಚುಚ್ಚಿ ರಕ್ತ ಬರುತ್ತಿತ್ತು.

"ಏ ಮಾರಾಯ್ತೀ!"

ಅವಳು ನಿಂತಳು.

ಹಿಂದಿನಿಂದ ಹೆಜ್ಜೆಯ ಸದ್ದು. ಅವನು ಬಂದು ಎದುರಿಗೆ ಕೂತು, ತನ್ನ ಶೂ ಕಳಚಿ ಅವಳ ಮುಂದಿಟ್ಟ.

"ಹಾಕ್ಕ. ದೊಡ್ಡದಾಗ್ತದೆ, ಲೇಸ್ ಬಿಗಿ ಮಾಡ್ಕ."

"ನಿಂಗೆ?"

"ನಮ್ಮೂರಿನ ರಸ್ತೆ ನನ್ನ ಕಾಲಿಗೆ ಗೊತ್ತು."

ಅವಳು ಅಳುತ್ತಲೇ ಶೂ ಹಾಕಿಕೊಂಡಳು. ಅವನ ಬೆವರಿನ ಬಿಸಿ ಒಳಗೆ ಇನ್ನೂ ಇತ್ತು. ಅವನು ಬಗ್ಗಿ ಲೇಸು ಕಟ್ಟಿಕೊಟ್ಟ. ಕಟ್ಟುತ್ತಾ ತಲೆ ಎತ್ತದೆ ಹೇಳಿದ:

"ಸೋಮವಾರ ಕ್ಯಾಂಪಿಗೆ ಹೋಗ್ತೀನಿ ನಾನು."

"ಹೋಗು. ಚೆನ್ನಾಗಿ ಓಡು."

"ಕೋಪ ಇನ್ನೂ ಇದೆ ಗಗನಾ."

"ಇರ್ಲಿ."

"ಬೇಗ ಹೋಗೋದಿಲ್ಲ ಅದು. ಬೆಳಿಗ್ಗೆ ಪ್ರೀತಿಯಿಂದ ಫೋನ್ ಮಾಡಿ ಸಂಜೆ ಬೈತೀನಿ. ಸುಮಾರು ದಿನ ಇರ್ತದೆ."

ಅವಳು ಕೆಳಗೆ ಕೂತು, ಸುಣ್ಣಕ್ಕೆ ಬಿರಿದಿದ್ದ ಅವನ ಬೆರಳುಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇರ್ಲಿ ಶಶೀ... ಅದು ಎಷ್ಟು ದಿನ ಇರ್ತದೋ, ಅಷ್ಟು ದಿನ ನಾನೂ ಇರ್ತೀನಿ."

"ಅದು ಹೋದ್ಮೇಲೆ?"

"ಆಮೇಲೂ."